ಒಂದೇ ಸೊಪ್ಪಿನ ಹುಳು, ಹತ್ತೂ ಬೆಳೆಯ ಹುಳು

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಮ್ಮನ ಊರು. ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಸಾಕುವ ಮನೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದೆ. ಹುಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು: ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಇಂಥ ಜ್ವರ ನಾಲ್ಕು ಸಲ. ನಾಲ್ಕನೆಯದು ಎದ್ದ ಮೇಲೆ ಅದಕ್ಕೆ ಎಷ್ಟು ಹಾಕಿದರೂ ಸಾಲದು. ಹುಳು ಒಟ್ಟು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ರಷ್ಟನ್ನು ಈ ಕೊನೆಯ ಒಂದು ವಾರದಲ್ಲೇ ಮುಗಿಸುತ್ತದೆ.

ಆ ವರ್ಷ ಬೋರಿನಲ್ಲಿ ನೀರು ಕಡಿಮೆಯಾಗಿ ತೋಟದ ಸೊಪ್ಪು ಸಾಲಲಿಲ್ಲ. ಚಿಕ್ಕಪ್ಪ ಸೊಪ್ಪು ಕೊಳ್ಳಲು ಬೆಳಗ್ಗೆಯಿಂದ ಊರೂರು ಸುತ್ತುತ್ತಿದ್ದರು. ನಾನು ಕೇಳಿದೆ: "ಹಿತ್ತಲಲ್ಲಿ ಅಷ್ಟೊಂದು ನುಗ್ಗೆ ಸೊಪ್ಪು ಇದೆಯಲ್ಲ ಚಿಕ್ಕಮ್ಮ, ಅದನ್ನೇ ಹಾಕಿದ್ರೆ ಆಗಲ್ವಾ?" ಚಿಕ್ಕಮ್ಮ ಬೈಯಲಿಲ್ಲ. ಒಂದು ಹಿಡಿ ನುಗ್ಗೆ ಸೊಪ್ಪು ತರಿಸಿ ತಟ್ಟೆಯ ಮೂಲೆಗೆ ಹಾಕಿದರು. ನಾಲ್ಕೈದು ಹುಳು ಅದರ ಮೇಲೆ ಹತ್ತಿದವು. ಮೂತಿ ಆಡಿಸಿದವು. ಹಾಗೇ ಇಳಿದು ಹೋದವು. "ನೋಡಿದ್ಯಾ ಮಗ, ಹಸಿದು ಸಾಯ್ತವೆ, ಬೇರೆದು ಮುಟ್ಟಲ್ಲ" ಅಂದರು.

ಅವರ ತೋಟದ ಬದುವಿನಾಚೆ ಪಕ್ಕದವರ ಟೊಮೆಟೊ ಇತ್ತು. ಅಲ್ಲಿ ಇನ್ನೊಂದು ಹುಳು. ಕಾಯಿಗೆ ತೂತು ಕೊರೆದು, ತಲೆ ಒಳಗಿಟ್ಟು ತಿನ್ನುತ್ತಿತ್ತು. ರೈತರು ಕಾಯಿಕೊರಕ ಎನ್ನುವುದು ಇದನ್ನೇ. ಟೊಮೆಟೊ ಇಲ್ಲದಿದ್ದರೆ ತೊಗರಿ. ತೊಗರಿ ಇಲ್ಲದಿದ್ದರೆ ಕಡಲೆ, ಅವರೆ, ಹತ್ತಿ, ಸೂರ್ಯಕಾಂತಿ, ಮುಸುಕಿನ ಜೋಳ. ಇದು ತಿನ್ನುವ ಗಿಡಗಳ ಪಟ್ಟಿ 180 ದಾಟುತ್ತದೆ. ರೇಷ್ಮೆ ಹುಳುವೂ ಪತಂಗದ ಮರಿ, ಕಾಯಿಕೊರಕವೂ ಪತಂಗದ ಮರಿ. ನಡುವೆ ಇದ್ದದ್ದು ಒಂದು ಬದು ಮಾತ್ರ. ಒಂದಕ್ಕೆ ಒಂದೇ ಸೊಪ್ಪು, ಇನ್ನೊಂದಕ್ಕೆ ಊರೆಲ್ಲ ಊಟ. ಯಾಕೆ ಹೀಗೆ ಎಂಬ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಗೇ ಬಂದಿದೆ.

ಪರಿಸರ ವಿಜ್ಞಾನಿಗಳು ಇದನ್ನು ನೆಲೆಯ ಅಗಲ ಎಂಬ ಲೆಕ್ಕದಲ್ಲಿ ನೋಡುತ್ತಾರೆ. ಇಂಗ್ಲಿಷಿನವರು ನಿಶ್ ಅನ್ನುವುದನ್ನು ನಾನು ಇಲ್ಲಿ ನೆಲೆ ಎನ್ನುತ್ತಿದ್ದೇನೆ. ನೆಲೆ ಅಂದರೆ ಇರುವ ಜಾಗ ಅಷ್ಟೇ ಅಲ್ಲ. 1917ರಲ್ಲಿ ಅಮೆರಿಕದ ಜೋಸೆಫ್ ಗ್ರಿನೆಲ್ ಕ್ಯಾಲಿಫೋರ್ನಿಯಾದ ಒಂದು ಪೊದೆ ಹಕ್ಕಿಯ ಬಗ್ಗೆ ಬರೆಯುತ್ತಾ, ಅದಕ್ಕೆ ಯಾವ ಬಗೆಯ ಕುರುಚಲು ಬೇಕು, ಯಾವ ಹವೆ ಬೇಕು ಎಂಬುದನ್ನು ನೆಲೆ ಎಂದ. ಹತ್ತು ವರ್ಷದ ಮೇಲೆ, 1927ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಇನ್ನೊಂದು ಮಾತು ಸೇರಿಸಿದ. ಅವನ ಹೋಲಿಕೆ ಸೊಗಸಾಗಿದೆ. ಊರಿನಲ್ಲಿ ಯಾರಾದರೂ "ಅಗೋ ಪಾದ್ರಿ ಹೋಗ್ತಿದ್ದಾರೆ" ಅಂದರೆ ಬರೀ ಒಬ್ಬ ಮನುಷ್ಯ ಕಣ್ಮುಂದೆ ಬರುವುದಿಲ್ಲ, ಊರಿನಲ್ಲಿ ಅವರ ಕೆಲಸವೂ ಬರುತ್ತದೆ. ಒಂದು ಪ್ರಾಣಿಯನ್ನೂ ಹಾಗೇ ನೋಡಬೇಕು ಅಂದ. ಅದು ಯಾರನ್ನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ. ವಿಳಾಸ ಒಂದು, ಕಸುಬು ಇನ್ನೊಂದು.

ಎರಡನ್ನೂ ಸೇರಿಸಿದ್ದು 1957ರಲ್ಲಿ ಎವೆಲಿನ್ ಹಚಿನ್ಸನ್. ಅವನ ಯೋಚನೆ ಕೇಳಲು ಗಣಿತದ ಹಾಗಿದ್ದರೂ ರೈತರಿಗೆ ಹೊಸದಲ್ಲ. ರಾಗಿಯನ್ನೇ ನೋಡಿ. ಇಷ್ಟು ಚಳಿಯಿಂದ ಇಷ್ಟು ಬಿಸಿಲಿನವರೆಗೆ ಅದು ತಡೆಯುತ್ತದೆ. ಅದು ಒಂದು ಗೆರೆ. ಇಷ್ಟು ಮಳೆಯಿಂದ ಇಷ್ಟು ಮಳೆಯವರೆಗೆ, ಇನ್ನೊಂದು ಗೆರೆ. ಮಣ್ಣಿಗೆ ಒಂದು, ರೋಗಕ್ಕೆ ಒಂದು, ಕಳೆಯ ಕಾಟಕ್ಕೆ ಒಂದು. ಈ ಎಲ್ಲ ಗೆರೆಗಳನ್ನೂ ಒಟ್ಟಿಗೆ ಇಟ್ಟರೆ ಒಳಗೆ ಒಂದು ಜಾಗ ಮೂಡುತ್ತದೆ. ಅದೇ ರಾಗಿಯ ನೆಲೆ. ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಒಂದೇ ಸಂಗತಿ: ಗೆರೆಗಳು ಹಲವು. ಒಂದು ಜೀವಿಯ ಒಂದು ಗೆರೆ ಗಿಡ್ಡವಾಗಿದ್ದು ಇನ್ನೊಂದು ಉದ್ದವಾಗಿರಬಹುದು. ಅದಕ್ಕೇ, ಯಾವ ಜೀವಿಯ ಬಗ್ಗೆಯಾದರೂ ಅದರ ನೆಲೆ ಕಿರಿದಾ, ಅಗಲವಾ ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದ ಹಾಗೆ. ಯಾವ ಕಡೆ ಕಿರಿದು ಎಂದು ಕೇಳಬೇಕು.

ರೇಷ್ಮೆ ಹುಳುವಿನದು ಊಟದ ಕಡೆ ಕಿರಿದು. ಆ ಕಿರಿದು ಹೇಗೆ ಬಂತು? ಹಿಪ್ಪುನೇರಳೆ ಕಡ್ಡಿ ಮುರಿದರೆ ಬಿಳಿ ಹಾಲು ಬರುತ್ತದಲ್ಲ, ಅದರಲ್ಲಿ ಒಂದು ಉತ್ತರವಿದೆ. 2006ರಲ್ಲಿ ಜಪಾನಿನ ವಿಜ್ಞಾನಿಗಳು ಆ ಹಾಲನ್ನು ಪರೀಕ್ಷಿಸಿದರು. ಅದರಲ್ಲಿ ಸಕ್ಕರೆಯ ವೇಷ ಹಾಕಿದ ಕೆಲವು ರಾಸಾಯನಿಕಗಳಿವೆ. ಬೇರೆ ಹುಳುಗಳು ತಿಂದರೆ ಹೊಟ್ಟೆಯಲ್ಲಿ ಸಕ್ಕರೆ ಅರಗುವ ಕೆಲಸಕ್ಕೆ ಅವು ಅಡ್ಡ ಬರುತ್ತವೆ. ಹರಳು ಗಿಡದ ಮೇಲೆ ಬೆಳೆಯುವ ಏರಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ವಿಷ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಲು ಹೋಗುವ ಹಾಗೆ ಮಾಡಿದರೆ ಆ ವಿಷವೂ ಇರುವುದಿಲ್ಲ. ನಮ್ಮ ರೇಷ್ಮೆ ಹುಳುವಿನ ಹೊಟ್ಟೆ ಮಾತ್ರ ಆ ಹಾಲಿಗೆ ಬಗ್ಗುವುದಿಲ್ಲ. ಅಂದರೆ ಅದಕ್ಕೆ ಸಿಕ್ಕಿರುವುದು ಬೇರೆಯವರು ಕೈಹಾಕಲಾರದ ತಟ್ಟೆ. ಪಾಲಿಗೆ ಬರುವವರು ಕಡಿಮೆ. ಕಿರಿದಾದ ನೆಲೆಯ ಲಾಭ ಇದು.

ಸರಿ, ಹಿಪ್ಪುನೇರಳೆ ಅರಗಿಸಿಕೊಳ್ಳಬಲ್ಲದು. ಆದರೆ ನುಗ್ಗೆಯನ್ನು ಯಾಕೆ ಮುಟ್ಟಲಿಲ್ಲ? ನಾನು ಬಹಳ ಕಾಲ ಅದಕ್ಕೆ ಬೇರೆ ಸೊಪ್ಪು ಹೊಟ್ಟೆಗೆ ಆಗುವುದೇ ಇಲ್ಲ ಅಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ. 2019ರಲ್ಲಿ ಚೀನಾದ ವಿಜ್ಞಾನಿಗಳು ರೇಷ್ಮೆ ಹುಳುವಿನ ಒಂದೇ ಒಂದು ಜೀನ್ ಕೆಡಿಸಿ ನೋಡಿದರು. ಜಿಆರ್66 ಎಂದು ಅದರ ಹೆಸರು. ಕಹಿ ರುಚಿ ಗುರುತಿಸುವ ಜೀನ್ ಅದು. ಅದು ಕೆಟ್ಟ ಮೇಲೆ ಹುಳು ಹಿಪ್ಪುನೇರಳೆ ಅಲ್ಲದ ಸೊಪ್ಪನ್ನೂ ತಿಂದಿತು. ಹಣ್ಣು ತಿಂದಿತು. ಕಾಳು ತಿಂದಿತು. ಚಿಕ್ಕಮ್ಮನ ತಟ್ಟೆಯಲ್ಲಿ ಅವತ್ತು ಹುಳು ಮೂತಿ ಆಡಿಸಿ ಇಳಿದು ಹೋಯಿತಲ್ಲ, ಅಲ್ಲಿ ಅಡ್ಡ ನಿಂತದ್ದು ಹೊಟ್ಟೆಯೊಂದೇ ಅಲ್ಲ, ನಾಲಿಗೆಯೂ ಹೌದು. ಸಾವಿರಾರು ವರ್ಷದ ಕಟ್ಟುನಿಟ್ಟಿಗೆ ಒಂದು ರುಚಿಯ ಬೇಲಿ ಇಷ್ಟು ಮುಖ್ಯ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಇದೇ ಥರದ ಇನ್ನೊಂದು ಕಥೆ ನಮ್ಮ ಕಣ್ಣೆದುರಿಗೇ ನಡೆದಿದೆ. ಹೊಲದ ಬದು, ರಸ್ತೆ ಪಕ್ಕ, ಖಾಲಿ ಸೈಟು ಎಲ್ಲ ಕಡೆ ಬೆಳೆಯುವ ಕಾಂಗ್ರೆಸ್ ಗಿಡ ಗೊತ್ತಲ್ಲ, ಪಾರ್ಥೇನಿಯಂ. ಅದನ್ನು ತಿನ್ನಿಸಲು ಮೆಕ್ಸಿಕೋದಿಂದ ಒಂದು ಸಣ್ಣ ಜೀರುಂಡೆ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಇಂಥ ಕೆಲಸಕ್ಕೆ ಕಿರಿದಾದ ನೆಲೆಯ ಜೀವಿಯೇ ಬೇಕು. ಸಿಕ್ಕಿದ್ದೆಲ್ಲ ತಿನ್ನುವ ಹುಳು ತಂದರೆ ಕಳೆಯ ಜೊತೆ ಬೆಳೆಯೂ ಹೋಗುತ್ತದೆ. ಅದಕ್ಕೇ ಬಿಡುವ ಮುಂಚೆ ಬೇರೆ ಬೇರೆ ಬೆಳೆಗಳ ಮೇಲೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಆದರೆ 1990ರ ದಶಕದ ಶುರುವಿನಲ್ಲಿ ಈ ಜೀರುಂಡೆ ಸೂರ್ಯಕಾಂತಿ ಎಲೆಯ ಮೇಲೆ ಕಾಣಿಸಿತು. ರೈತರಿಗೆ ಗಾಬರಿಯಾಯಿತು. ಆಗಬೇಕಾದದ್ದೇ. ಹುಡುಕಿ ನೋಡಿದಾಗ ಸಿಕ್ಕ ಒಂದು ಕಾರಣ ಕುತೂಹಲದ್ದು. ಅಕ್ಕಪಕ್ಕದ ಕಾಂಗ್ರೆಸ್ ಗಿಡದ ಹೂಪುಡಿ ಗಾಳಿಯಲ್ಲಿ ಹಾರಿ ಸೂರ್ಯಕಾಂತಿ ಎಲೆಯ ಮೇಲೆ ಕೂತಿತ್ತು. ಜೀರುಂಡೆಗೆ ತನ್ನ ಗಿಡದ ರುಚಿಯೇ ಸಿಕ್ಕಿತು, ಕಚ್ಚಿತು. ಎರಡೂ ಒಂದೇ ಕುಟುಂಬದ ಗಿಡಗಳು ಬೇರೆ.

ಇಲ್ಲಿಂದ ಒಂದು ವಿಷಯ ಗೊತ್ತಾಗುತ್ತದೆ. ಒಂದು ಜೀವಿ ಬದುಕಬಲ್ಲ ಅಗಲ ಬೇರೆ, ನಿಜವಾಗಿ ಬದುಕುತ್ತಿರುವ ಅಗಲ ಬೇರೆ. ರುಚಿ ತಡೆಯುವ ಹಾಗೆ ನೆರೆಹೊರೆಯವರೂ ತಡೆಯುತ್ತಾರೆ. 1961ರಲ್ಲಿ ಜೋಸೆಫ್ ಕಾನೆಲ್ ಎಂಬಾತ ಸ್ಕಾಟ್ಲೆಂಡಿನ ಕಡಲ ಬಂಡೆಗಳ ಮೇಲೆ ಅಂಟಿ ಬದುಕುವ ಎರಡು ಚಿಪ್ಪುಜೀವಿಗಳ ಬಗ್ಗೆ ಬರೆದ. ಅವುಗಳಲ್ಲಿ ಒಂದು ಜಾತಿ ಬಂಡೆಯ ಮೇಲ್ಭಾಗದಲ್ಲಿ ಮಾತ್ರ ಇರುತ್ತಿತ್ತು, ಇನ್ನೊಂದು ಕೆಳಗೆ. ಕೆಳಗಿನದನ್ನು ಕೆರೆದು ತೆಗೆದರೆ, ಮೇಲಿನದು ಕೆಳಗೂ ಚೆನ್ನಾಗಿ ಬದುಕಿತು. ಅದಕ್ಕೆ ಕೆಳಗಿನ ಜಾಗ ಆಗದೆ ಇರಲಿಲ್ಲ, ಬಲವಾದವರು ಬಿಡುತ್ತಿರಲಿಲ್ಲ.

ಈಗ ಆ ಗೆರೆಗಳ ಮಾತಿಗೆ ಮತ್ತೆ ಬರುತ್ತೇನೆ. ಕೋಗಿಲೆ ನೋಡಿ. ಆಲ, ಅರಳಿ, ಹಿಪ್ಪುನೇರಳೆ ಹಣ್ಣು, ಯಾವುದು ಹಣ್ಣಾಗಿದೆಯೋ ಅದು ಅದರ ಊಟ. ಆ ಕಡೆ ಅಗಲ. ಮೊಟ್ಟೆ ಇಡಲು ಮಾತ್ರ ನಮ್ಮ ಕಡೆ ಅದು ನೆಚ್ಚುವುದು ಕಾಗೆಯ ಗೂಡನ್ನು. ಆ ಕಡೆ ಇಕ್ಕಟ್ಟು. ಕಾಗೆಗಳೇ ಇಲ್ಲದ ಊರಿನಲ್ಲಿ ಎಷ್ಟು ಹಣ್ಣಿದ್ದರೂ ಕೋಗಿಲೆಯ ಸಂಸಾರ ನಡೆಯುವುದು ಕಷ್ಟ.

ಶಿರಾ ತಾಲ್ಲೂಕಿನ ಕಗ್ಗಲಡು ಇದಕ್ಕಿಂತ ಒಳ್ಳೆಯ ಪಾಠ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಕೊಕ್ಕರೆ ಮರಿಗೆ ಗುಟುಕು ಕೊಡುತ್ತಿರುತ್ತದೆ. ಊರಿನವರು ಮರ ಕಡಿಯದೆ, ಹಕ್ಕಿಗೆ ಕಲ್ಲು ಹೊಡೆಯದೆ ಕಾಪಾಡಿಕೊಂಡು ಬಂದಿದ್ದಾರೆ. ಇದನ್ನು ನೋಡಿದರೆ ಈ ಹಕ್ಕಿ ಎಲ್ಲಿ ಬೇಕಾದರೂ ಬದುಕುತ್ತದೆ ಅನ್ನಿಸುತ್ತದೆ. ಜನರನ್ನು ಸಹಿಸಿಕೊಳ್ಳುವ ಗೆರೆ ಅದಕ್ಕೆ ಅಷ್ಟು ಉದ್ದ. ಆದರೆ ಅದು ಊಟ ಹುಡುಕುವ ರೀತಿ ಗಮನಿಸಬೇಕು. ತಿಳಿಯಲ್ಲದ, ಆಳವಿಲ್ಲದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ನೀರಿಗಿಟ್ಟು ಅತ್ತಿತ್ತ ಆಡಿಸುತ್ತದೆ. ಮೀನು ಕೊಕ್ಕಿಗೆ ತಾಗಿದರೆ ಪಟ್ಟನೆ ಮುಚ್ಚುತ್ತದೆ. ಕಣ್ಣಿಗಿಂತ ಜಾಸ್ತಿ ಸ್ಪರ್ಶದ ಮೇಲೆ ನಡೆಯುವ ಬೇಟೆ. ಕೆರೆ ತುಂಬಿ ಆಳವಾದರೆ ನಿಲ್ಲಲಾಗದು, ಒಣಗಿದರೆ ಮೀನಿಲ್ಲ. ಅದಕ್ಕೆ ಬೇಕಾದದ್ದು ಕೆರೆಯ ಅಂಚು. ಹಾಗಾಗಿ ಹುಣಸೆ ಮರ ಉಳಿಸಿದರಷ್ಟೇ ಸಾಲದು. ಸುತ್ತಲಿನ ಕೆರೆಗಳನ್ನು ತೊಟ್ಟಿಯ ಹಾಗೆ ನೇರವಾಗಿ ಆಳ ತೋಡಿಬಿಟ್ಟರೆ, ಮರ ಇದ್ದೂ ಕೊಕ್ಕರೆಗೆ ಊಟ ಇರುವುದಿಲ್ಲ.

ಅಗಲವನ್ನು ಅಳೆಯಲೂ ಬಹುದು. ರಿಚರ್ಡ್ ಲೆವಿನ್ಸ್ 1968ರಲ್ಲಿ ಕೊಟ್ಟ ಲೆಕ್ಕ ಸುಲಭ. ಒಂದು ಹಕ್ಕಿ ನಾಲ್ಕು ಬಗೆ ಊಟವನ್ನು ಸಮಸಮ ತಿನ್ನುತ್ತದೆ ಅಂದುಕೊಳ್ಳಿ. ಒಂದೊಂದರ ಪಾಲು 0.25. ಪ್ರತಿ ಪಾಲನ್ನೂ ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ: 0.25 ಬರುತ್ತದೆ. 1ನ್ನು ಅದರಿಂದ ಭಾಗಿಸಿದರೆ 4. ಅಗಲ ನಾಲ್ಕು. ಇನ್ನೊಂದು ಹಕ್ಕಿಯೂ ಅದೇ ನಾಲ್ಕನ್ನು ತಿನ್ನುತ್ತದೆ, ಆದರೆ ಒಂದನ್ನೇ 0.7 ಪಾಲು, ಉಳಿದ ಮೂರನ್ನು 0.1ರಂತೆ. ಕೂಡಿಸಿದರೆ 0.52, ಭಾಗಿಸಿದರೆ 1.92. ಪಟ್ಟಿಯಲ್ಲಿ ನಾಲ್ಕಿದ್ದರೂ ಬದುಕು ನಡೆಯುತ್ತಿರುವುದು ಹೆಚ್ಚುಕಡಿಮೆ ಎರಡರ ಮೇಲೆ. ರೇಷ್ಮೆ ಹುಳುವಿಗೆ ಉತ್ತರ 1. ಒಂದು ಎಚ್ಚರ ಬೇಕು: ಇಡೀ ಜಾತಿಯ ಅಗಲ ಬೇರೆ, ಒಂದೊಂದು ಜೀವಿಯ ಅಗಲ ಬೇರೆ. ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿಗಳು ಒಟ್ಟಾರೆ ಹತ್ತಾರು ಬಗೆ ಊಟ ತಿನ್ನುತ್ತವೆ. ಒಂದೊಂದನ್ನೇ ಹಿಂಬಾಲಿಸಿದರೆ ಇದಕ್ಕೆ ಏಡಿ, ಅದಕ್ಕೆ ಬಸವನಹುಳು, ಹೀಗೆ ತಾಯಿ ಕಲಿಸಿದ ಒಂದೆರಡು ಊಟಕ್ಕೇ ಅಂಟಿಕೊಂಡಿರುತ್ತವೆ.

ಅಗಲವಾಗಿರುವುದೇ ಒಳ್ಳೆಯದಾದರೆ ಎಲ್ಲವೂ ಯಾಕೆ ಅಗಲವಾಗಲಿಲ್ಲ? ಕೋಲಾರದ ರೈತರಿಗೆ ಈ ಪ್ರಶ್ನೆಯ ಉತ್ತರ ಕೈಯಲ್ಲೇ ಇದೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವವರು ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಲ್ಲ ಇಡುತ್ತಾರೆ. ಮಳೆ ಹಿಂದುಮುಂದಾದರೂ ಏನಾದರೂ ಒಂದು ಕೈಗೆ ಬರುತ್ತದೆ. ಆದರೆ ಯಾವುದೂ ರಾಶಿ ರಾಶಿ ಬರುವುದಿಲ್ಲ. ಪೂರ್ತಿ ಟೊಮೆಟೊ ಇಟ್ಟವರು ಅದಕ್ಕೆ ಬೇಕಾದ ಕಡ್ಡಿ, ಹನಿ ನೀರಾವರಿ, ಔಷಧ ಎಲ್ಲ ಹೊಂದಿಸಿ, ಒಂದು ಎಕರೆಯಲ್ಲಿ ಎಷ್ಟು ತೆಗೆಯಬಹುದೋ ಅಷ್ಟು ತೆಗೆಯುತ್ತಾರೆ. ರೇಟು ಇದ್ದಾಗ ಅವರನ್ನು ಹಿಡಿಯುವವರಿಲ್ಲ. ರೇಟು ಬಿದ್ದಾಗ ಅದೇ ಟೊಮೆಟೊ ರಸ್ತೆಗೆ. ಜೀವಿಗಳಲ್ಲೂ ಹೀಗೇ. ಒಂದೇ ಊಟಕ್ಕೆ ಹೊಂದಿಕೊಂಡ ಹೊಟ್ಟೆ, ನಾಲಿಗೆ, ಹಲ್ಲು ಆ ಊಟದಲ್ಲಿ ಬೇರೆಯವರಿಗಿಂತ ಚುರುಕು. ಆ ಊಟ ವರ್ಷ ವರ್ಷವೂ ತಪ್ಪದೆ ಸಿಗುತ್ತಿರುವವರೆಗೆ ಕಿರಿದಾಗಿರುವುದರಲ್ಲಿ ನಷ್ಟವಿಲ್ಲ. ಸುತ್ತಲಿನದು ಬೇಗ ಬೇಗ ಬದಲಾದರೆ ಮಾತ್ರ ಅಗಲವಿದ್ದವರು ಗೆಲ್ಲುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2013ರ ಒಂದು ವಿಶ್ಲೇಷಣೆಯಲ್ಲಿ, ನೆಲೆ ಅಗಲವಿದ್ದ ಜೀವಿಗಳು ಭೂಮಿಯ ಮೇಲೆ ಹರಡಿರುವ ಜಾಗವೂ ಜಾಸ್ತಿ ಎಂದು ಕಂಡಿತು.

ಹಾಗಂತ ಇರುವ ಜಾಗ ಚಿಕ್ಕದಾದರೆ ಎಲ್ಲ ಗೆರೆಯೂ ಗಿಡ್ಡ ಎಂದಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆ ಗುಹೆಯಲ್ಲಿ ಒಂದು ಪುಟ್ಟ ಬಾವಲಿ ಇದೆ. ಮೂಗಿನ ಮೇಲೆ ಎಲೆಯಂಥ ಮಡಿಕೆ ಇರುವುದರಿಂದ ಕೋಲಾರದ ಎಲೆಮೂಗಿನ ಬಾವಲಿ ಎಂದು ಹೆಸರು. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಇಡೀ ಪ್ರಪಂಚದಲ್ಲಿ ಇದು ಇರುವುದು ಆ ಒಂದು ಗುಹೆಯಲ್ಲಿ. ಎಣಿಕೆಗೆ ಸಿಕ್ಕಿದ್ದು 200ಕ್ಕಿಂತ ಕಡಿಮೆ. ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದೇ ಗುಹೆಯಲ್ಲಿ ಎಲೆಮೂಗಿನ ಬಾವಲಿಯ ಬೇರೆ ಜಾತಿಗಳೂ ಇವೆ. ಅವುಗಳಲ್ಲಿ ಕೆಲವು ಪಾಳು ದೇವಸ್ಥಾನ, ಹಳೇ ಕೋಟೆ ಎಲ್ಲ ಕಡೆ ತೂಗಾಡಿಕೊಂಡು ದೇಶದ ತುಂಬಾ ಹರಡಿವೆ. ಒಂದೇ ಕತ್ತಲು, ಒಂದೇ ಚಾವಣಿ. ಒಬ್ಬರಿಗೆ ಅದು ಹಲವು ಮನೆಗಳಲ್ಲಿ ಒಂದು, ಇನ್ನೊಬ್ಬರಿಗೆ ಇರುವುದೇ ಅದೊಂದು. ನಮ್ಮ ಜಿಲ್ಲೆಗಳಲ್ಲಿ ಬಂಡೆ ಅಂದರೆ ಜೆಲ್ಲಿಕಲ್ಲು, ಚಪ್ಪಡಿ ಎಂದೇ ಲೆಕ್ಕ. ಆ ಗುಡ್ಡದ ಹತ್ತಿರ ಸಿಡಿಮದ್ದು ಇಡುವುದು ಅಂದರೆ ಒಂದು ಇಡೀ ಜಾತಿಯ ಪಕ್ಕದಲ್ಲಿ ಇಟ್ಟ ಹಾಗೆ.

ಬಂಡೆಯ ಹಾಗೇ ಬಯಲನ್ನೂ ನಾವು ಬಂಜರು ಅಂತೀವಿ. ಇದರ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ, 798 ಎಕರೆ. ಕೃಷ್ಣಮೃಗಕ್ಕೆ ಊಟದ ಕಡೆ ಅಂಥ ಇಕ್ಕಟ್ಟಿಲ್ಲ. ಮುಖ್ಯ ಊಟ ಹುಲ್ಲು. ಒಣಗಾಲದಲ್ಲಿ ಬಳ್ಳಾರಿ ಜಾಲಿಯ ಕಾಯಿಯನ್ನೂ ತಿನ್ನುತ್ತದೆ. ಅದರ ಇಕ್ಕಟ್ಟು ಇರುವುದು ಇನ್ನೊಂದು ಕಡೆ: ಅದಕ್ಕೆ ದೂರದವರೆಗೆ ಕಾಣಬೇಕು. ತೋಳ ಬರುವುದನ್ನು ದೂರದಿಂದಲೇ ನೋಡಿ, ನೇರ ಓಡಿ ಪಾರಾಗುವ ಪ್ರಾಣಿ ಅದು. ಒತ್ತೊತ್ತಾಗಿ ಗಿಡ ನೆಟ್ಟರೆ ನಮ್ಮ ಕಣ್ಣಿಗೆ ಹಸಿರು, ಅದರ ಕಣ್ಣಿಗೆ ಗೋಡೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಯಲು ಕಂಡಲ್ಲೆಲ್ಲ ನೀಲಗಿರಿ ನೆಟ್ಟ ಕಾಲವಿತ್ತು. ಅಂತರ್ಜಲ ಹೋಯಿತು ಎಂಬ ಕೂಗೆದ್ದು, 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀರಿನ ಮಾತು ಎಲ್ಲರಿಗೂ ಅರ್ಥವಾಯಿತು. ಹುಲ್ಲಿನ ಮಾತನ್ನು ಎತ್ತಿದವರು ಕಡಿಮೆ. ಪರಿಸರ ದಿನಕ್ಕೆ ಗಿಡ ನೆಡಲು ಗುಂಡಿ ತೋಡುವ ಮುಂಚೆ, ಈ ಬಯಲಿನಲ್ಲಿ ಈಗಾಗಲೇ ಯಾರು ಇದ್ದಾರೆ ಎಂದು ಒಂದು ಬೆಳಗ್ಗೆ ಕೂತು ನೋಡಿದರೆ ಸಾಕು, ಎಷ್ಟೋ ಗೊತ್ತಾಗುತ್ತದೆ.

ಹೀಗೆ ಕೂತು ನೋಡಲು ಒಳ್ಳೆಯ ಜಾಗ ನಂದಿ ಬೆಟ್ಟ. ಅಲ್ಲಿ ಪಿಕಳಾರಗಳಿವೆ. ಬಾಲದ ಬುಡದಲ್ಲಿ ಕೆಂಪಿರುವ, ತಲೆ ಕಪ್ಪಾದ ಪಿಕಳಾರವನ್ನು ನೀವು ನಿಮ್ಮ ಮನೆ ಹತ್ತಿರವೇ ನೋಡಿರುತ್ತೀರಿ. ಹಣ್ಣು, ಹುಳು, ಹೂವು, ಮೊಗ್ಗು ಏನಾದರೂ ಆದೀತು. ಪೊದೆ, ಹಿತ್ತಲು, ಕಾಂಪೌಂಡಿನ ಬಳ್ಳಿ, ಎಲ್ಲಾದರೂ ಗೂಡು. ಇದನ್ನು ಫಿಜಿ, ಹವಾಯಿ ದ್ವೀಪಗಳಿಗೆ ಜನ ಒಯ್ದರು. ಅಲ್ಲಿ ಅದು ಎಷ್ಟು ಹರಡಿತು ಅಂದರೆ, ಪ್ರಪಂಚದಲ್ಲಿ ಪರವೂರಿಗೆ ಹೋಗಿ ಅತಿ ಜಾಸ್ತಿ ಕಾಟ ಕೊಡುವ 100 ಜೀವಿಗಳ ಪಟ್ಟಿಯಲ್ಲಿ ಈಗ ಅದರ ಹೆಸರಿದೆ.

ಅದೇ ಕುಲದ ಇನ್ನೊಂದು, ಹಳದಿ ಕತ್ತಿನ ಪಿಕಳಾರ, ಅಳಿವಿನ ಅಪಾಯದಲ್ಲಿದೆ. ಇದೂ ಹಣ್ಣು ತಿನ್ನುತ್ತದೆ, ಹುಳು ತಿನ್ನುತ್ತದೆ. ಊಟದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಜಾಗದಲ್ಲಿದೆ. ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ, ದೊಡ್ಡ ಬಂಡೆಗಳ ನಡುವಿನ ಕುರುಚಲಿನಲ್ಲಿ ಮಾತ್ರ ಅದು ಸಿಗುತ್ತದೆ. ಬೇರೆಲ್ಲೂ ಇಲ್ಲ. ನಂದಿ ಬೆಟ್ಟದಲ್ಲಿ, ತುಮಕೂರಿನ ದೇವರಾಯನದುರ್ಗದಲ್ಲಿ ಅದು ಇದೆ. ನೋಡಬೇಕೆಂದರೆ ಬಿಸಿಲೇರುವ ಮುಂಚೆ ಹೋಗಿ. ಗುಂಪಿನಿಂದ ಸ್ವಲ್ಪ ದೂರ, ಬಂಡೆಗಳು ಒಂದರ ಮೇಲೊಂದು ಬಿದ್ದಿರುವ ಇಳಿಜಾರಿನ ಎದುರು ಸುಮ್ನೆ ಕೂತಿರಿ. ಮೊದಲು ಕಾಣುವುದು ಮಾಮೂಲಿ ಪಿಕಳಾರವೇ. ಬೂದು ಮೈ, ಹಳದಿ ತಲೆಯ ಹಕ್ಕಿಯೊಂದು ಬಂಡೆಯ ಸಂದಿನ ಪೊದೆಯಿಂದ ಹಾರಿ ಪಕ್ಕದ ಬಂಡೆಯ ಪೊದೆಗೆ ಹೊಕ್ಕರೆ, ಅದು ಅದೇ.